ಟ್ರಂಪೆಟ್ ಸುಮ್ಮನಿರುವ ಜಾಗ

“ಅಕ್ಕೋರೆ, ಇದ್ರಲ್ಲಿ ನಾ ಉಸಿರು ಎಲ್ಲಿ ತಕಳೂದು?”

ಎರಡನೇ ಸಾಲಿಗೇ ಕ್ಲಾರಿನೆಟ್ ಬಾಯಿಂದ ತೆಗೆದು ನಾಗಪತಿ ಕೇಳಿದಾಗ ನರ್ಮದೆಗೆ ಮೈಯೆಲ್ಲ ಉರಿಯಿತು.

“ಹೈಡನ್ ಮಾಡಿದ ಹಾಗೇ ಮಾಡಿದ್ದೇನೆ.”

“ಹೈಡನ್ ಇಂಥದನ್ನ ಪಿಟೀಲಿಗೆ ಕೊಟ್ಟಿದ್ದ. ಪಿಟೀಲಿಗೆ ಉಸಿರು ಬ್ಯಾಡ. ನಂಗೆ ಬೇಕಲ್ಲ!”

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಅದು ತನ್ನ ಕಣ್ಣಿಗೆ ಬಿದ್ದದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅದು ೧೯೬೩. ನರ್ಮದಾ ಕುಮಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸುವ ಅಕ್ಕೋರಾಗಿದ್ದಳು. ಇದ್ದದ್ದು ವಕೀಲ ಅಣ್ಣ ಕೃಷ್ಣಾನಂದನ ಮನೆಯಲ್ಲಿ. ಮುಂಬಯಿಯ ಆರ್ಕೆಸ್ಟ್ರಾವೊಂದರಲ್ಲಿ ಪಿಟೀಲು ನುಡಿಸುತ್ತಿದ್ದ ಸೋದರಮಾವ ತೀರಿಕೊಳ್ಳುವ ಮೊದಲು ಅವಳಿಗೆ ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಕಲಿಸಿ, ಹೈಡನ್, ಮೊಝಾರ್ಟ್‌ರಂಥ ಪಾಶ್ಚಾತ್ಯ ಸಂಗೀತಗಾರರ ಸ್ಕೋರ್ ಪುಸ್ತಕಗಳನ್ನು ಒಂದು ಟ್ರಂಕು ತುಂಬ ಬಿಟ್ಟುಹೋಗಿದ್ದ. ಜೊತೆಗೊಂದು ಮಾತು: “ದೊಡ್ಡವರದ್ದು ಎಂಟೇ ಬಾರ್ ತಗೊ. ಕೈಯಾರೆ ನಕಲು ಮಾಡು. ಈ ವಾದ್ಯ ಇಲ್ಲಿ ಯಾಕೆ ಬಂತು ಅಂತ ಕೇಳಿಕೊ. ಆಮೇಲೆ ಅದೇ ರೀತಿ ನಿನ್ನದೇ ಎಂಟು ಬಾರ್ ಬರೆ.”

ಬಾರ್ ಎಂದರೆ ತಾಳದ ಒಂದು ಆವರ್ತದಂಥ ತುಂಡು; ಎಂಟು ಬಾರ್ ಅರ್ಧ ನಿಮಿಷದ ಸಂಗೀತವೂ ಅಲ್ಲ. ಆದರೆ ಬರೆದದ್ದು ಹೇಗೆ ಕೇಳಿಸುತ್ತದೆಂದು ತಿಳಿಯಲು ಕುಮಟೆಯಲ್ಲಿ ಆರ್ಕೆಸ್ಟ್ರಾ ಎಲ್ಲಿಂದ ಬರಬೇಕು? ಆ ಗೆರೆಗಳನ್ನು ಓದಬಲ್ಲವನು ಸುತ್ತಮುತ್ತ ಒಬ್ಬನೇ ಸಿಕ್ಕಿದ್ದ. ಹೊನ್ನಾವರದ ಮದುವೆ ಬ್ಯಾಂಡಿನ ನಾಗಪತಿ, ಬೆಳಗಾವಿಯಲ್ಲಿ ಆರು ವರ್ಷ ಮಿಲಿಟರಿ ಬ್ಯಾಂಡಿನಲ್ಲಿದ್ದವನು. ಪ್ರತಿ ಭಾನುವಾರ ಮಧ್ಯಾಹ್ನ ಬಸ್ಸು ಹತ್ತಿ ಅವಳ ಶಾಲೆಗೆ ಬರುತ್ತಿದ್ದ. ಶಾಲೆಯ ಆಯಾ ಹೊನ್ನಮ್ಮ ಬಾಗಿಲಲ್ಲಿ ಅಬ್ಬಲಿಗೆ ಹೂವು ಕಟ್ಟುತ್ತ ಕಾವಲು ಕೂರುತ್ತಿದ್ದಳು.

ಹದಿನಾರು ವಾರ ಹೀಗೇ ಹೋಯಿತು. ಒಂದು ವಾರ ಸ್ವರ ತೀರ ಕೆಳಗೆ, ಇನ್ನೊಂದು ವಾರ ಬೆರಳಿಗೆ ಎಟುಕದ ಹಾರಾಟ. ನಕಲು ಮಾಡುವಾಗ ಎಲ್ಲವೂ ಅರ್ಥವಾದಂತಿರುತ್ತಿತ್ತು. ತನ್ನದನ್ನು ಬರೆದಾಗ ಹೆಣದಂತೆ ಬಿದ್ದಿರುತ್ತಿತ್ತು.

“ಅದರಲ್ಲಿ ಎಂತ ಇದ್ದು ಹೇಳಿ ಇಷ್ಟು ಹಾಳೆ ಹಾಳುಮಾಡ್ತೆ? ರಾಗ ಇಲ್ಲೆ, ತಾಳ ಇಲ್ಲೆ,” ಎಂದು ಅಣ್ಣ ಗೊಣಗುತ್ತಿದ್ದ.

ಹದಿನಾರನೆಯ ವಾರ, ಮೊಝಾರ್ಟ್‌ನನ್ನು ನೋಡಿ ಐದು ವಾದ್ಯಗಳಿಗೆ ಬರೆದ ಹಾಳೆಯನ್ನು ನಾಗಪತಿ ಮಡಚಿ ಜೇಬಿಗಿಟ್ಟುಕೊಂಡ. “ಮನೇಲಿ ನೋಡ್ತೆ” ಎಂದವನು ತಿರುಗಿ ಕೊಡಲಿಲ್ಲ.

ಆ ಗುರುವಾರ ಹೊನ್ನಾವರದಲ್ಲಿ ನೆಂಟರ ಮದುವೆ. ದಿಬ್ಬಣ ಚಪ್ಪರದ ಹತ್ತಿರ ಬರುತ್ತಿದ್ದಂತೆ ಬ್ಯಾಂಡು ಬೇರೇನೋ ಶುರುಮಾಡಿತು. ನಡೆಯುತ್ತಿದ್ದ ನರ್ಮದಾ ನಿಂತುಬಿಟ್ಟಳು. ಅವಳದೇ ಎಂಟು ಬಾರ್! ಟ್ರಂಪೆಟ್ ಕಿರುಚಿತು, ಡೋಲು ಗುದ್ದಿತು, ಕ್ಲಾರಿನೆಟ್ ಎಲ್ಲೋ ತಳದಲ್ಲಿ ಮುಳುಗಿಹೋಯಿತು. “ಇವಕ್ಕೆ ಎಂತ ಆತು?” ಎಂದು ಯಾರೋ ನಕ್ಕರು.

ಊಟದ ಚಪ್ಪರದ ಹಿಂದೆ ಅವಳು ಅವನನ್ನು ಹಿಡಿದು ನಿಲ್ಲಿಸಿದಳು. “ಯಾರನ್ನ ಕೇಳಿ ಊದಿದಿರಿ? ನಾಲ್ಕು ಜನರೆದುರು ನನ್ನ ಮರ್ಯಾದೆ ತೆಗೀಬೇಕಿತ್ತಾ?”

ಅವನು ಈ ಸಲ ನಗಲಿಲ್ಲ. “ನೀವು ಬರ್ದದ್ದು ಇಡಿಯಾಗಿ ನೀವೇ ಒಂದಿನಾನೂ ಕೇಳ್ಲಿಲ್ಲ, ಅಕ್ಕೋರೆ. ದೊಡ್ಡ ಬ್ಯಾಂಡ್ ತಂದು ನಿಲ್ಸೂಕೆ ನನ್ನ ಕೈಲಿ ಆಗೂದಿಲ್ಲ. ನಂಗಿರೂದು ನನ್ನೂ ಸೇರ್ಸಿ ಈ ಐದು ಜನ, ಬಾಯಲ್ಲಿ ಹೇಳಿ ಕಲ್ಸ್ದೆ.”

ಅವಳು ಹೊರಟುಬಂದಳು. ಮುಂದಿನ ಎರಡು ಭಾನುವಾರ ಅವನು ಬರಲಿಲ್ಲ. ಬಂದರೆ ಅವನ ಮುಖದ ಮೇಲೆ ಬಾಗಿಲು ಹಾಕಬೇಕೆಂದು ಕಾದವಳಿಗೆ ಆ ಮುಖವೇ ಸಿಗದಂತಾಯಿತು.

ಕಿವಿಯಲ್ಲಿ ಮಾತ್ರ ಆ ಗದ್ದಲ ಉಳಿದುಬಿಟ್ಟಿತ್ತು. ಕ್ಲಾರಿನೆಟ್ ಯಾಕೆ ಮುಳುಗಿತು? ಮೊಝಾರ್ಟ್‌ನ ಪುಟ ಮತ್ತೆ ತೆಗೆದಳು. ಕ್ಲಾರಿನೆಟ್ ಕೆಳಸ್ವರದಲ್ಲಿ ಹಾಡುವಲ್ಲಿ ಟ್ರಂಪೆಟ್ಟಿನ ಸಾಲು ಖಾಲಿ. ಇನ್ನೂ ಮೂರು ಸಾಲು ಖಾಲಿ. ಹಾಳೆ ಉಳಿಸಲೆಂದು ಅವಳು ಆ ಖಾಲಿ ಸಾಲುಗಳನ್ನು ಬಿಟ್ಟೇ ನಕಲು ಮಾಡಿದ್ದಳು! ಇಷ್ಟು ದಿನ ಸ್ವರಗಳನ್ನು ಕಲಿತಿದ್ದಳೇ ಹೊರತು, ಒಬ್ಬರು ಹಾಡುವಾಗ ಉಳಿದವರು ಸುಮ್ಮನಿರುವುದನ್ನು ಕಲಿತಿರಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಹೊನ್ನಮ್ಮನನ್ನು ಕರೆದುಕೊಂಡು ಹೊನ್ನಾವರದ ಬಸ್ಸು ಹತ್ತಿದಳು.

ಬ್ಯಾಂಡಿನವರ ಹಂಚಿನ ಮಾಡಿನ ಕೆಳಗೆ ಐವರೂ ಇದ್ದರು. ಅವಳು ಹೊಸ ಹಾಳೆ ಮುಂದೆ ಚಾಚಿದಳು. ನಾಗಪತಿ ಓದಿಹೇಳಿದ ತನ್ನ ಸಾಲು ಕೇಳಿ ಟ್ರಂಪೆಟ್ಟಿನ ಲಿಂಗಪ್ಪ, “ಆರು ಬಾರ್ ನಾ ಸುಮ್ನೇ ನಿಲ್ಲೂದಾ?” ಎಂದ.

“ನಿಲ್ಲೂದೇ ಕೆಲ್ಸ, ಮಾರಾಯ,” ಎಂದ ನಾಗಪತಿ. ಕಣ್ಣು ಮಾತ್ರ ಅವಳ ಮೇಲಿತ್ತು.

ಕ್ಲಾರಿನೆಟ್ ತಗ್ಗು ದನಿಯಲ್ಲಿ ಎದ್ದಿತು. ಯಾರೂ ಅದನ್ನು ತುಳಿಯಲಿಲ್ಲ. ಆರು ಬಾರ್, ಅವಳು ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದ ಹಾಗೇ ಹರಿಯಿತು. ಏಳನೆಯದಕ್ಕೆ ಎರಡು ಕ್ಷಣ ಮೊದಲೇ ಲಿಂಗಪ್ಪ ಊದಿ ಎಲ್ಲವೂ ಕಲಸಿಹೋಯಿತು.

“ಥತ್!” ಎಂದು ನರ್ಮದಾ ಹಣೆ ಚಚ್ಚಿಕೊಂಡಳು. ಆದರೆ ಕಣ್ಣು ತುಂಬಿತ್ತು.

ಎಲ್ಲರೂ ಚಹಾಕ್ಕೆ ಹೊರಗೆ ಹೋದರು. ಹೊನ್ನಮ್ಮ ಅವಳ ಮುಖವನ್ನೊಮ್ಮೆ ನೋಡಿ ತಾನೂ ಎದ್ದಳು.

“ಹದಿನಾರು ವಾರ ಬರೀ ತಪ್ಪೇ ಹೇಳಿದಿರಿ,” ಎಂದಳು ನರ್ಮದಾ.

“ಇಲ್ದಿದ್ದ ತಪ್ಪು ಹೇಳ್ಲಿಲ್ಲ.” ಅವನು ಕ್ಲಾರಿನೆಟ್ ಒರೆಸುತ್ತ ತಲೆ ತಗ್ಗಿಸಿದ. “ಆದ್ರೆ ಎಲ್ಲಾದೂ ಒಂದೇ ದಿನ ಹೇಳ್ಲಿಲ್ಲ. ಹೇಳಿ ಮುಗ್ಸಿದ್ರೆ ಮುಂದಿನ ವಾರ ಎಂತ ನೆವ ಮಾಡ್ಕಂಡ್ ಬರೂದು?”

ಅವಳು ಹಾಳೆ ಮಡಚಿದಳು. “ನೆವ ಸಾಕು. ನಾಳೆ ಬಂದು ಅಣ್ಣನ ಹತ್ತಿರ ಮಾತಾಡಿ.”

ಅವನ ಮುಖ ಬಾಡಿತು. “ನಾ ಬ್ಯಾಂಡಿನವ. ನಿಮ್ಮನೇಲಿ ನನ್ನ ಅಂಗಳದಲ್ಲೇ ನಿಲ್ಸ್ತ್ರು.”

“ನಿಲ್ಲಿಸಲಿ. ನಾನೂ ಅಂಗಳಕ್ಕೇ ಬರ್ತೆ.”

ಭಾನುವಾರ ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾಗಪತಿ ಬಂದ. ನರ್ಮದೆಯನ್ನು ಮದುವೆಯಾಗುವ ಮನಸ್ಸಿದೆಯೆಂದು ತೊದಲದೆ ಹೇಳಿದ. ಜಗಲಿಯಲ್ಲಿ ಕೂತಿದ್ದ ಕೃಷ್ಣಾನಂದ ಮೇಲೆ ಬಾ ಎನ್ನಲಿಲ್ಲ. ನರ್ಮದಾ ಒಳಗಿನಿಂದ ಬಂದು, ಮೆಟ್ಟಿಲಿಳಿದು, ಬಿಸಿಲಲ್ಲಿ ಅವನ ಪಕ್ಕ ನಿಂತಳು.

“ಒಳಗೆ ಹೋಗು,” ಎಂದ ಅಣ್ಣ.

“ಇಲ್ಲೆ, ಅಣ್ಣ.”

ಕೃಷ್ಣಾನಂದ ಎದ್ದು ಒಳಗೆ ಹೋಗಿಬಿಟ್ಟ. ಕಲ್ಲು ಕಾಯುತ್ತಿತ್ತು. ನಾಗಪತಿಯ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಇಬ್ಬರೂ ಅಲುಗಲಿಲ್ಲ.

ತುಸು ಹೊತ್ತಿನ ಮೇಲೆ ಅಣ್ಣ ಎರಡು ಕುರ್ಚಿ ತಾನೇ ಹೊತ್ತು ತಂದು ಜಗಲಿಯಲ್ಲಿಟ್ಟ.

“ಬಿಸಿಲು. ಮೇಲೆ ಬಂದು ಕೂತ್ಕೊಳ್ಳಿ. ಒಪ್ಪಿದೆ ಅಂತಲ್ಲ.”

ನಾಗಪತಿ ನರ್ಮದೆಯ ಮುಖ ನೋಡಿದ. ಅವಳು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಅವನು ಬರಲೆಂದು ತಡೆದು ನಿಂತಳು.