ಬಂಡೆಯ ಮೇಲಿನ ವ್ಯಾಪಾರ

ಇದು ನಡೆದದ್ದು ೧೯೯೮ರ ಫೆಬ್ರವರಿಯಲ್ಲಿ, ಹಾಡಹಗಲಲ್ಲೇ. ಇತಿಹಾಸದ ಎಂ.ಎ. ಪರೀಕ್ಷೆಗೆ ಓದಿಕೊಳ್ಳಲು ಹೆಗ್ಗದ್ದೆಯ ಜಗದಾಂಬ ಅತ್ತೆಯ ಮನೆಯಲ್ಲಿದ್ದೆ. ಪ್ರಾಚೀನ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರು ದೂರದ ದಡಗಳಲ್ಲಿ ಸರಕು ಇಟ್ಟು ಹಡಗಿಗೆ ಮರಳುತ್ತಿದ್ದರಂತೆ. ಅಲ್ಲಿಯವರು ಬಂದು ಪಕ್ಕದಲ್ಲಿ ಚಿನ್ನ ಇಡುತ್ತಿದ್ದರು. ಸಾಲದಿದ್ದರೆ ಮುಟ್ಟದೆ ಕಾಯುವುದು, ಒಪ್ಪಿಗೆಯಾದರೆ ಎತ್ತಿಕೊಳ್ಳುವುದು. ಮಾತಿಲ್ಲ, ಮೋಸವೂ ಇಲ್ಲ. ಅಂಗಡಿಯಲ್ಲಿ ಬೆಲೆ ಕೇಳಲೂ ನಾಚುವ ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು.

"ನಮ್ಮ ತೋಟದ ಬಂಡೆ ಮೇಲೂ ಹಂಗೇ ನಡೀತಿತ್ತು ಕಣೆ," ಎಂದರು ಇದನ್ನು ನನ್ನಿಂದ ಕೇಳಿದ ಅತ್ತೆ. "ಏಲಕ್ಕಿ ಇಟ್ಟು ಬಂದ್ರೆ ಉಪ್ಪು ಸಿಗೋದು. ಉಪ್ಪು ಇಡೋರನ್ನ ಮಾತ್ರ ಯಾರೂ ನೋಡಿಲ್ಲ."

ಮರುದಿನ ಒಂದು ಬೊಗಸೆ ಏಲಕ್ಕಿ ಇಟ್ಟುಬಂದೆ. ಸಂಜೆ ನೋಡಿದರೆ ಪಕ್ಕದಲ್ಲಿ ಒದ್ದೆ ಉಪ್ಪಿತ್ತು. ಹೆದರಿ, ಮುಟ್ಟದೆ ಓಡಿಬಂದೆ. ಬೆಳಿಗ್ಗೆ ಉಪ್ಪು ಇಮ್ಮಡಿಯಾಗಿತ್ತು, ಏಲಕ್ಕಿ ಒಂದೂ ಕದಲಿರಲಿಲ್ಲ. ಬಿಸಿಲು ಬಿದ್ದರೂ ಬಂಡೆ ತಣ್ಣಗಿತ್ತು. ಗಾಳಿಯಲ್ಲಿ ಮೀನಿನ ವಾಸನೆಯಿತ್ತು.

ಅತ್ತೆ ಗದರಿದರು. "ಮುಟ್ಟದೆ ಬಂದ್ರೆ ಸಾಲ್ದು ಅಂದಂಗಲ್ವೇನೆ? ಪಾಪ, ಬರಿಗೈ ಆಗೋವರ್ಗೂ ತಂದು ಇಡ್ತಾರೆ. ಹೋಗಿ ತಗೊಂಡ್ಬುಡು."

ನನ್ನ ಹೆದರಿಕೆಯಿಂದ ಅಷ್ಟು ಪ್ರಾಮಾಣಿಕರಿಗೆ ಅನ್ಯಾಯವಾಗುತ್ತಿತ್ತು. ಮತ್ತೆ ಹೋದೆ. ಉಪ್ಪಿನ ಮೇಲೆ ಈಗ ಬಟ್ಟೆಯೊಂದಿತ್ತು. ಪುಸ್ತಕದಲ್ಲಿ ಓದಿದ್ದ, ಫಿನೀಷಿಯನ್ನರು ಹೆಸರಾಗಿದ್ದ ಅದೇ ನೇರಳೆ ಬಣ್ಣ, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಉಪ್ಪನ್ನು ಅದರಲ್ಲೇ ಗಂಟು ಕಟ್ಟಿಕೊಂಡು ಹೊರಟೆ. ಬೆನ್ನ ಹಿಂದೆ ಯಾರೋ ಏಲಕ್ಕಿಯನ್ನು ಬಾಚಿಕೊಳ್ಳುವ ಸದ್ದಾಯಿತು. ನಾನು ತಿರುಗಲಿಲ್ಲ.

ಉಪ್ಪನ್ನು ಅತ್ತೆ ಮಾವಿನಮಿಡಿಗೆ ಹಾಕಿದರು. ಬಟ್ಟೆ ನನ್ನ ಹತ್ತಿರವೇ ಇದೆ. ಆಮೇಲೆ ಆರು ಬೇಸಿಗೆ ಕಳೆದಿವೆ. ಅದು ಇನ್ನೂ ಒಣಗಿಲ್ಲ.