ಹಸಿ ಬಣ್ಣದ ಕೆರೆ

ರಾಜೇಶ್ವರದ ತಿರುವಿನಲ್ಲಿ ನನ್ನ ಬೈಕು ಲಾರಿಯ ಚಕ್ರಕ್ಕೆ ಗೇಣು ದೂರದಲ್ಲಿ ಜಾರಿತು.

ಬ್ರೇಕ್ ಹಿಡಿಯಲಿಲ್ಲ. ಟೈಮ್ ಇರಲಿಲ್ಲ.

ಉತ್ತಮನ ಜೀಪು ಹತ್ತು ನಿಮಿಷ ಮುಂದಿತ್ತು. ಬಸವಕಲ್ಯಾಣದಲ್ಲಿ ಒಬ್ಬ ವಿಧವೆಯ ಮನೆಗೆ ಹೊರಟಿತ್ತು. ಕಳಿಸಿದವನು ನಾನೇ.

ಎರಡು ವರ್ಷದ ಹಿಂದೆ, ತೊಂಬತ್ತಾರರಲ್ಲಿ, ಉತ್ತಮ ತ್ರಿಪುರಾಂತ ಕೆರೆಯ ಹತ್ತಿರ ಒಬ್ಬನನ್ನು ಕೊಂದಿದ್ದ. ಸಾಕ್ಷಿ ಒಬ್ಬನೇ... ಚಿತ್ರಗಾರ ನರಸಿಂಗ. ದಂಡೆಯಲ್ಲಿ ಕೂತು ಚಿತ್ರ ಬಿಡಿಸುವಾಗ ಕಂಡೆ ಎಂದು ಪೊಲೀಸರಿಗೆ ಬರೆಸಿದ್ದ. ಮರುವರ್ಷ ಸೋಲಾಪುರದಲ್ಲಿ ಕಾಮಾಲೆಯಾಗಿ ಸತ್ತನೆಂದು ಸುದ್ದಿ. ಹೆಣವನ್ನು ಊರಿನವರು ನೋಡಿರಲಿಲ್ಲ.

"ಸತ್ತಾನೋ, ಅಡಗ್ಯಾನೋ? ಅಷ್ಟ ಹೇಳು," ಎಂದು ಉತ್ತಮ ಬೆಳಿಗ್ಗೆ ನನ್ನನ್ನು ಕೆಲಸಕ್ಕೆ ಹಚ್ಚಿದ್ದ.

ಯಾಕೆ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಅಂದು ಮಧ್ಯಾಹ್ನ ಹುಮನಾಬಾದಿನ ಫ್ರೇಮ್ ಅಂಗಡಿಗೆ ಹೋದೆ. ಗೋಡೆ ತುಂಬ ಸಮುದ್ರದ ಕೊಲ್ಲಿಗಳ ಪ್ರಿಂಟು. ನಡುವೆ ಒಂದೇ ಒಂದು ಆಯಿಲ್ ಪೇಂಟಿಂಗ್. ತ್ರಿಪುರಾಂತ ಕೆರೆ. ಕೆಳಗೆ ನರಸಿಂಗನ ಸಹಿ.

ಹೆಬ್ಬೆರಳು ಒತ್ತಿದೆ. ನೀಲಿ ಅಂಟಿತು.

ಸತ್ತು ವರ್ಷವಾದವನ ಬಣ್ಣ ಹಸಿ ಇರುವುದಿಲ್ಲ.

ಎದುರಿನ ಎಸ್‌ಟಿಡಿ ಬೂತಿನಿಂದ ಉತ್ತಮನ ಗೋದಾಮಿಗೆ ಫೋನ್ ಮಾಡಿದೆ. "ಬದುಕ್ಯಾನ. ಹೆಂಡ್ತಿಗೆ ಗೊತ್ತಿರತದ."

ತಿರುಗಿ ಬಂದಾಗ ಅಂಗಡಿಯ ಜ್ಞಾನೇಶ್ವರ ಕೆರೆಯ ಮೇಲಿನ ಬೆರಳಚ್ಚು ನೋಡುತ್ತಿದ್ದ.

"ಏನ್ರಿ ಸಾಹೇಬ್ರ, ಸಣ್ಣ ಹುಡುಗ್ರಂಗ ಬಟ್ಟ ಇಡ್ತೀರಿ? ನರಸಿಂಗನ ಹೆಂಡ್ತಿ ವಿಶಾಖಾಬಾಯಿಗೆ ಏನ ಹೇಳ್ಲಿ ನಾ?"

"ಅಕಿಗ್ಯಾಕ ಹೇಳ್ಬೇಕು?"

"ಚಿತ್ರ ಬಿಡಸಾಕಿ ಅಕಿನೇ ಅಲ್ರಿ. ನರಸಿಂಗ ಜಲ್ಮದಾಗ ಬ್ರಷ್ ಹಿಡದಿಲ್ಲ. ಹೆಣ್ಣಮಗಳ ಸಹಿ ಇದ್ರ ಗಿರಾಕಿ ಮೂಗು ಮುರೀತಾರ."

ಬೈಕಿನ ಕಿಕ್ ಒದ್ದೆ.

ನಾನು ಮನೆ ಮುಟ್ಟುವಾಗ ಉತ್ತಮ ವಿಶಾಖಾಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದ.

"ಗಂಡ ಎಲ್ಲಿ?"

"ಬಿಡು ಉತ್ತಮ," ಎಂದೆ. "ನಾ ತಪ್ಪಿದೆ. ಆತ ಖರೇನ ಸತ್ತಾನ. ಚಿತ್ರ ಈಕಿದು."

ವಿಶಾಖಾ ನನ್ನತ್ತ ನೋಡಿ ಬೇಡವೆಂಬಂತೆ ತಲೆಯಾಡಿಸಿದಳು. ನನಗೆ ತಿಳಿಯಲಿಲ್ಲ.

"ಎಂದಿನಿಂದ?" ಎಂದ ಉತ್ತಮ.

"ಮೊದಲಿಂದ್ಲೂ. ಅಂವಗ ಬ್ರಷ್ ಹಿಡಿಯಾಕ ಬರ್ತಿದ್ದಿಲ್ಲ," ಎಂದೆ.

ಉತ್ತಮನ ಕೈ ಸಡಿಲಾಯಿತು. ನಕ್ಕ.

"ಹಂಗಾದ್ರ ಆ ದಿನ ಕೆರಿ ದಂಡ್ಯಾಗ ಕುಂತಾಕಿ..."

ಸೊಂಟದಿಂದ ಚೂರಿ ಹೊರಬಂತು.

ಹೆಂಡತಿ ಕಂಡದ್ದನ್ನು ಗಂಡ ತನ್ನ ಹೆಸರಿನಲ್ಲಿ ಬರೆಸಿದ್ದ. ಸತ್ತ ಮೇಲೂ ಅವಳನ್ನು ಕಾಯುತ್ತಿದ್ದ. ನಾನು ಎರಡು ಮಾತಿನಲ್ಲಿ ಬಿಚ್ಚಿಟ್ಟೆ... ಅವಳನ್ನು ಉಳಿಸಲೆಂದು.

ಬಣ್ಣ ಕಲಸುವ ಟರ್ಪೆಂಟೈನ್ ಡಬ್ಬಿ ಎತ್ತಿ ಅವನ ಕಣ್ಣಿಗೆ ಎರಚಿದವಳು ವಿಶಾಖಾ. ನಾನಲ್ಲ. ಹಿತ್ತಲಿನಿಂದ ಸುತ್ತಿ ನನ್ನ ಬೈಕಿಗೆ ಓಡಿದೆವು. ಬೈಕಿನ ಹಿಂದೆ ಕೂತಳು. ಉತ್ತಮನ ಡ್ರೈವರ್ ಜೀಪನ್ನು ಬೆನ್ನಿಗೆ ಹಚ್ಚಿದ. ಜೋಳದ ಹೊಲದ ಕಾಲುದಾರಿಗೆ ಬೈಕು ಇಳಿಸಿದೆ. ಅಲ್ಲಿ ಜೀಪು ನುಗ್ಗಲಿಲ್ಲ.

ಹೈವೇಯಲ್ಲಿ ಹೈದರಾಬಾದ್ ಬಸ್ಸಿಗೆ ಕೈ ಮಾಡಿದೆ. ಹತ್ತಿ ಕಿಟಕಿಯ ಬಳಿ ಕೂತಳು.

"ಅಕ್ಕಾರ..." ಎಂದೆ, ಕಿಟಕಿಯ ಕೆಳಗೆ ನಿಂತು.

"ಎರಡ ವರ್ಷ ಪೊಲೀಸ್ರಿಗೂ ನಾ ಸಿಗಲಿಲ್ರಿ," ಎಂದಳು. "ನೀವು ಒಂದ ದಿನದಾಗ ಹುಡುಕಿದ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅವಳು ಮತ್ತೆ ಕಲ್ಯಾಣಕ್ಕೆ ಬರಲಿಲ್ಲ.

ಗುಟ್ಟು ಪತ್ತೆ ಮಾಡುವುದರಲ್ಲಿ ನಾನು ಎರಡು ತಾಲ್ಲೂಕಿಗೆ ಹೆಸರಾದವನು. ಅವತ್ತೂ ಹೆಸರು ಕೆಡಿಸಿಕೊಳ್ಳಲಿಲ್ಲ.