ಭಾವನ ಕಾಫಿ ತಲೆನೋವು

ಬೆಟ್ಟದ ನೆತ್ತಿಯ ಮೇಲೆ ಗಾಳಿ-ಚಳಿ ಅಳೆಯುತ್ತಿದ್ದ ಹವಾಮಾನ ಪೆಟ್ಟಿಗೆ ಕಚೇರಿಗೆ ಸುದ್ದಿ ಕಳಿಸುವುದನ್ನು ನಿಲ್ಲಿಸಿ ಹನ್ನೊಂದು ದಿನವಾಗಿತ್ತು. ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ಹೊಸ ಪೆಟ್ಟಿಗೆ ಹೊತ್ತು ಹತ್ತಿ, ಕೂರಿಸಿ ಬರಬೇಕು. ಹೊರಟವರು ಮೂವರು. ತಂಡದ ಮುಖ್ಯಸ್ಥ ಭಾವ. ತಂತಿ ಜೋಡಿಸಲು ಒಬ್ಬ ಮೆಕ್ಯಾನಿಕ್. ಒಲೆ, ಊಟ, ಔಷಧಿ ನೋಡಿಕೊಳ್ಳಲು ನಾದಿನಿ, ಅಂದರೆ ಭಾವನ ಹೆಂಡತಿಯ ತಂಗಿ. ಕಚೇರಿಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಕೆಲಸ ಸಿಕ್ಕಿದ್ದು ಭಾವನ ಶಿಫಾರಸಿನಿಂದ ಎಂಬ ಕುಟುಕು ಆ ಕರೆಯಲ್ಲಿತ್ತು.

ಪೆಟ್ಟಿಗೆಯೊಂದೇ ಒಂಬತ್ತು ಕಿಲೋ ತೂಗುತ್ತಿತ್ತು. ಆದ್ದರಿಂದ ಮಿಕ್ಕಿದ್ದನ್ನೆಲ್ಲ ಭಾವ ಗ್ರಾಂ ಲೆಕ್ಕದಲ್ಲಿ ತೂಗಿ ನೋಡುತ್ತಿದ್ದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಕತ್ತರಿಸಿ ಎಸೆದ ಪುಣ್ಯಾತ್ಮ ಅವನು. ಬೆನ್ನ ಹಿಂದೆ ಅವನ ಹೆಸರು ತಕ್ಕಡಿ. ಇಷ್ಟೆಲ್ಲ ಕಟ್ಟುನಿಟ್ಟಿನ ಮನುಷ್ಯನಿಗೆ ದಿನಕ್ಕೆ ಎಂಟು ಲೋಟ ಕಾಫಿ ಮಾತ್ರ ಬೇಕೇ ಬೇಕು.

ಆ ಕಾಫಿ ಯಾವುದಿರಬೇಕೆಂದು ತೀರ್ಮಾನಿಸಲು ನಾದಿನಿ ಉಗ್ರಾಣದ ಮೇಜಿನ ಮುಂದೆ ಎರಡು ದಿನ ಒದ್ದಾಡಿದ್ದಳು. ಫಿಲ್ಟರ್ ಪುಡಿಗೆ ರುಚಿಯಿದೆ, ಆದರೆ ಮೇಲೆ ಕಸ ಬಿಡುವಂತಿಲ್ಲ, ಒದ್ದೆ ಚರಟವನ್ನು ಮತ್ತೆ ಕೆಳಗೆ ಹೊರಬೇಕು. ಡಿಕಾಕ್ಷನ್ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ನೋಡಿದರೆ ಕಲ್ಲಾಯಿತು. ದಾರ ಕಟ್ಟಿದ ಪುಟ್ಟ ಚೀಲದ ಕಾಫಿ ಇಳಿಯುವುದರೊಳಗೆ ನೀರು ತಣ್ಣಗಾಗುತ್ತಿತ್ತು. ಕಡೆಗೆ ಉಳಿದದ್ದು ಲೋಟಕ್ಕೊಂದರಂತೆ ಬರುವ ಇನ್‌ಸ್ಟಂಟ್ ಪೊಟ್ಟಣ. ದಪ್ಪ ಕೈಗವಸು ತೊಟ್ಟೇ ಇಪ್ಪತ್ತು ಪೊಟ್ಟಣ ಹರಿದು ನೋಡಿ, ಹರಿಯಲು ಬರುತ್ತದೆ ಎಂದು ಖಾತ್ರಿ ಮಾಡಿಕೊಂಡು, ಎಪ್ಪತ್ತು ಪೊಟ್ಟಣ ಕಟ್ಟಿಟ್ಟಳು.

ಹೊರಡುವ ಬೆಳಿಗ್ಗೆ ನೋಡಿದರೆ ಎಪ್ಪತ್ತೂ ಪೊಟ್ಟಣಗಳ ಸಿಪ್ಪೆ ಕಸದ ಬುಟ್ಟಿಯಲ್ಲಿತ್ತು. ಪುಡಿಯೆಲ್ಲ ಒಂದು ತೆಳು ಪ್ಲಾಸ್ಟಿಕ್ ಚೀಲ ಸೇರಿತ್ತು.

"ತೊಂಬತ್ತು ಗ್ರಾಂ ಉಳೀತು," ಎಂದ ಭಾವ.

"ಭಾವ, ಮಂಜಲ್ಲಿ ಇದು ತೇವ ಎಳ್ಕೊಳ್ಳುತ್ತೆ. ಅದಕ್ಕೇ ತಾನೇ ನಾನು ಬಿಡಿಬಿಡಿಯಾಗಿ ಇಟ್ಟಿದ್ದು?"

"ನಿನ್ ಕೆಲಸ ಅಡುಗೆ. ನಂಗೆ ಪಾಠ ಹೇಳೋದಲ್ಲ."

ಬಾಗಿಲಲ್ಲಿ ಅಕ್ಕ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಇವರು ಯಾರ ಮಾತೂ ಕೇಳೋ ಪೈಕಿ ಅಲ್ಲ ಕಣೇ. ಹೇಗಾದ್ರೂ ಮಾಡಿ ವಾಪಸ್ ಕರ್ಕೊಂಡ್ ಬಾ."

ಮೊದಲೆರಡು ದಿನ ಕಾಡಿನ ದಾರಿ. ಆ ಕಾಡಿಗೆ ಮನುಷ್ಯರೆಂದರೆ ಆಗದು. ಮರಗಳು ಮಳೆ ನಿಂತ ಮೇಲೂ ಗಂಟೆಗಟ್ಟಲೆ ತೊಟ್ಟಿಕ್ಕಿ ಬೆನ್ನಿನ ಚೀಲ ನೆನೆಸುತ್ತಿದ್ದವು. ಪಾಚಿ ಕಟ್ಟಿದ ಕಲ್ಲು ಕಾಲಿಟ್ಟ ಕಡೆಯೆಲ್ಲ ಜಾರುತ್ತಿತ್ತು, ಮುಳ್ಳಿನ ಬಳ್ಳಿ ಬಟ್ಟೆ ಬಿಟ್ಟು ಚರ್ಮವನ್ನೇ ಹುಡುಕಿಕೊಂಡು ಬರುತ್ತಿತ್ತು. ಕಾಡು ಮುಗಿದಲ್ಲಿ ಮಂಜು ಶುರುವಾಯಿತು. ಹತ್ತು ಹೆಜ್ಜೆ ಮುಂದಿನವನು ಕಾಣದಂಥ ಮಂಜು. ಅದು ಡೇರೆಯೊಳಗೆ, ಕಾಲುಚೀಲದೊಳಗೆ ನುಗ್ಗಿತು. ಕಾಫಿ ಚೀಲ ಬಿಚ್ಚಿದಾಗಲೆಲ್ಲ ಅದರೊಳಗೂ ನುಗ್ಗಿತು.

ಮೂರನೆಯ ಬೆಳಿಗ್ಗೆ ಪುಡಿಯಿದ್ದ ಜಾಗದಲ್ಲಿ ಡಾಂಬರಿನಂಥ ಕಪ್ಪು ಮುದ್ದೆ ಕೂತಿತ್ತು. ಚಮಚ ಸಿಕ್ಕಿಕೊಂಡು ಬಾಗಿತು. ಕೆರೆದು ಕೆರೆದು ಸಿಕ್ಕಿದ್ದರಲ್ಲಿ ಮಾಡಿದ ನೀರುಕಾಫಿಯನ್ನು ಭಾವ ಒಂದು ಗುಟುಕು ಕುಡಿದು ನೆಲಕ್ಕೆ ಚೆಲ್ಲಿದ.

"ಎರಡು ದಿನ ಕೂತು ಆರಿಸಿದ ಕಾಫಿ ನೋಡಪ್ಪ ಇದು!"

ಮೆಕ್ಯಾನಿಕ್ ಹಲ್ಲು ಕಿರಿದ. ನಾದಿನಿಗೆ ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿಕೊಂಡು ಡೇರೆ ಮಡಚಿದಳು.

ಆ ದಿನ ಕಲ್ಲುರಾಶಿಯ ಏರು ಹತ್ತಿ ಮೇಲಿನ ಶಿಬಿರ ತಲುಪಿದರು. ಭಾವ ತಲೆ ಹಿಡಿದುಕೊಂಡು ಮಲಗಿದ, ಊಟ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದವನೇ ವಾಂತಿ ಮಾಡಿಕೊಂಡ. ನೆತ್ತಿ ಇನ್ನು ಮೂರೇ ಗಂಟೆಯ ದಾರಿ.

"ಭಾವ, ಎತ್ತರಕ್ಕೆ ಬಂದಾಗ ಹೀಗಾದ್ರೆ ಇಳೀಬೇಕು. ನೀವೇ ನಮಗೆ ಹೇಳಿಕೊಟ್ಟಿದ್ದು."

"ಎತ್ತರನೂ ಇಲ್ಲ, ಗಿತ್ತರನೂ ಇಲ್ಲ. ಕಾಫಿ ಇಲ್ದೆ ತಲೆ ಸಿಡೀತಿದೆ. ನೀನು ಹಾಳು ಕಾಫಿ ತಂದೆ, ಈಗ ಬೆಟ್ಟದ ಮೇಲೆ ತಪ್ಪು ಹಾಕ್ತೀಯಾ?"

"ಸಾರ್ ಹೇಳೋದರಲ್ಲೂ ಅರ್ಥ ಇದೆ ಅಕ್ಕ," ಎಂದ ಮೆಕ್ಯಾನಿಕ್. "ಕಾಫಿ ಬಿಟ್ರೆ ನಮ್ಮಪ್ಪಂಗೂ ಹಿಂಗೇ ಆಗುತ್ತೆ."

ಆ ಮಾತು ಅವಳನ್ನು ಚುಚ್ಚಿತು. ಕಾಫಿಯದ್ದಲ್ಲ ಎಂದು ಸಾಬೀತು ಮಾಡಲೇಬೇಕೆಂಬ ಹಟ ಬಂತು. ಡೇರೆಯ ಗೂಟದಿಂದ ಆ ಮುದ್ದೆ ಒಡೆದಳು. ಚೀಲ ಒಳಹೊರಗು ಮಾಡಿ ಕುದಿಯುವ ನೀರಿನಲ್ಲಿ ತೊಳೆದಳು. ನಾಲ್ಕು ಲೋಟದ ಕಾಫಿ ಒಂದೇ ಲೋಟಕ್ಕಿಳಿದು ಕರಿ ಕಷಾಯವಾಯಿತು.

"ಕುಡೀರಿ. ಒಂದು ಗಂಟೇಲಿ ತಲೆನೋವು ಹೋದ್ರೆ ಮೇಲೆ ಹೋಗೋಣ. ಹೋಗ್ಲಿಲ್ಲ ಅಂದ್ರೆ ಕೆಳಗೆ."

ಭಾವ ಕುಡಿದ. ಅವಳು ಗಡಿಯಾರ ನೋಡುತ್ತ ಕೂತಳು. ಅದು ಅವಳ ತಪ್ಪು, ದೊಡ್ಡ ತಪ್ಪು. ವಾಂತಿಯಾದ ಕೂಡಲೇ ಇಳಿಸಬೇಕಿತ್ತು. ತನ್ನ ಕಾಫಿಯ ಮರ್ಯಾದೆ ಉಳಿಸಿಕೊಳ್ಳಲು ಅವಳು ಒಂದು ಗಂಟೆ ಕಳೆದಳು.

ಗಂಟೆ ಮುಗಿದಾಗ ಭಾವನ ತುಟಿ ನೀಲಿಗಟ್ಟಿತ್ತು. ಶೂ ಲೇಸು ಕಟ್ಟಲು ಹೋದ ಬೆರಳುಗಳು ಗಾಳಿಯಲ್ಲಿ ತಡಕಾಡುತ್ತಿದ್ದವು. ಎತ್ತರದ ಬೇನೆ ತಲೆಗೇರಿದವರಿಗೆ ನೇರ ಗೆರೆಯ ಮೇಲೆ ನಡೆಯಲು ಬಾರದು. ಅವಳು ಹಗ್ಗವನ್ನು ನೆಲಕ್ಕೆ ನೇರವಾಗಿ ಹಾಸಿದಳು.

"ಹಿಂದಿನ ಕಾಲಿನ ಬೆರಳಿಗೆ ಮುಂದಿನ ಕಾಲಿನ ಹಿಮ್ಮಡಿ ತಾಗಿಸಿ ಇದರ ಮೇಲೆ ನಡೀರಿ."

ಎರಡನೆಯ ಹೆಜ್ಜೆಗೆ ಭಾವ ಪಕ್ಕಕ್ಕೆ ಉರುಳಿದ.

ಮೆಕ್ಯಾನಿಕ್‌ನ ಮುಖ ಬಿಳಿಚಿಕೊಂಡಿತು. "ಅಕ್ಕ, ಪೆಟ್ಟಿಗೆ?"

"ಬಂಡೆ ಕೆಳಗೆ ಕಟ್ಟು. ಇವರ ಚೀಲನೂ ಅಲ್ಲೇ ಬಿಡು. ಬೇಗ!"

ಮೂವರೂ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಇಳಿಯತೊಡಗಿದರು. ಮುಂದೆ ಮೆಕ್ಯಾನಿಕ್, ನಡುವೆ ಭಾವ, ಹಿಂದೆ ನಾದಿನಿ. ಗಾಳಿ ಎದ್ದಿತು. ಮರಳಿನಂಥ ಹಿಮ ಕಣ್ಣಿಗೆ ಎರಚಿತು.

"ದ್ರೋಹಿ!" ಭಾವ ಅರಚುತ್ತಿದ್ದ. "ನೆತ್ತಿ ಅಲ್ಲೇ ಇದೆ, ನನ್ನ ಕೆಳಗೆ ಎಳೀತಿದ್ದೀಯಾ!"

ಕಲ್ಲುರಾಶಿಯ ಕಡಿದಾದ ಜಾಗ ಬಂತು. ಅವನು ತಟ್ಟನೆ ನಿಂತ. ಸೊಂಟಕ್ಕೆ ಕೈಹಾಕಿದ. ಗಂಟು ಬಿಚ್ಚುತ್ತಿದ್ದ.

"ಭಾವ! ಏನ್ಮಾಡ್ತಿದ್ದೀರಾ?"

"ಹಗ್ಗ ಎಂಟುನೂರು ಗ್ರಾಂ. ಸುಮ್ನೆ ಭಾರ."

ಗಂಟು ಬಿಚ್ಚಿತು. ಹಗ್ಗ ಕೆಳಗೆ ಬಿತ್ತು. ಅವನ ಕಾಲ ಕೆಳಗಿನ ಕಲ್ಲು ಜರುಗಿತು.

ನಾದಿನಿ ಹಾರಿ ಅವನ ಕೋಟಿನ ಕಾಲರ್ ಹಿಡಿದಳು. ಇಬ್ಬರೂ ಜಾರಿದರು. ಹತ್ತು ಅಡಿ, ಇಪ್ಪತ್ತು ಅಡಿ. ಕೆಳಗಿದ್ದ ಮೆಕ್ಯಾನಿಕ್‌ನನ್ನೂ ದಾಟಿ ಹೋದರು. ಅವನು ಹಗ್ಗವನ್ನು ಬಂಡೆಗೆ ಸುತ್ತಿ ಕಾಲೂರಿ ಕೂತ. ಹಗ್ಗ ಬಿಗಿಯಿತು, ಅವಳ ಸೊಂಟ ಮುರಿದಂತಾಯಿತು. ಕಾಲರ್ ಮಾತ್ರ ಬಿಡಲಿಲ್ಲ. ಭಾವ ಬಿಡಿಸಿಕೊಳ್ಳಲು ಅವಳ ಮೊಣಕಾಲಿಗೆ ಒದ್ದ. ಮತ್ತೆ ಒದ್ದ. ಅವಳು ನೋವಿಗೆ ಅತ್ತಳು, ಬಾಯಿಗೆ ಬಂದ ಹಾಗೆ ಬೈದಳು. ಮೆಕ್ಯಾನಿಕ್ ತೆವಳಿಕೊಂಡು ಬಂದು ಗಂಟು ಹಾಕಿದ. ಈ ಸಲ ಗಂಟು ಭಾವನ ಬೆನ್ನ ಹಿಂದೆ ಬಿತ್ತು.

ಮಧ್ಯಾಹ್ನ ಕಾಡಿನ ಅಂಚು ಮುಟ್ಟಿದರು. ಇಳಿದಂತೆಲ್ಲ ಭಾವನ ಉಸಿರು ಹದಕ್ಕೆ ಬಂತು, ತುಟಿಗೆ ಬಣ್ಣ ಬಂತು. ಬೈಗುಳ ನಿಂತಿತು. ಸಿಟ್ಟು ನಿಲ್ಲಲಿಲ್ಲ.

ಮರುದಿನ ಮಧ್ಯಾಹ್ನ ರಸ್ತೆ ಸಿಕ್ಕಿತು. ಪೆಟ್ರೋಲ್ ಬಂಕಿನ ಕ್ಯಾಂಟೀನಿನಲ್ಲಿ ಕೂತರು. ಮೆಕ್ಯಾನಿಕ್ ಕಚೇರಿಗೆ ಫೋನ್ ಮಾಡಿ ಪೆಟ್ಟಿಗೆ ಎಲ್ಲಿದೆಯೆಂದು ಹೇಳಿದ. ನಾಳೆಯೇ ಇನ್ನೊಂದು ತಂಡ ಹೊರಡುತ್ತದಂತೆ. ಭಾವ ಮೇಜಿನ ಮೇಲೆ ಮೊಣಕೈಯೂರಿ ಹಣೆ ಒತ್ತಿಕೊಂಡ.

"ತಲೆ ನೋಯ್ತಿದೆ," ಎಂದ.

ನಾದಿನಿ ದಡಕ್ಕನೆ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. "ಏಳಿ. ಎದ್ದೇಳಿ ಭಾವ! ಆ ಟೈಲ್ಸ್ ಗೆರೆ ಮೇಲೆ ನಡೀರಿ!"

"ಹುಚ್ಚು ಹಿಡಿದಿದೆಯಾ ನಿಂಗೆ? ಜನ ನೋಡ್ತಿದಾರೆ."

"ನೋಡ್ಲಿ. ನಡೀರಿ!"

ಲಾರಿ ಡ್ರೈವರುಗಳು ಊಟ ನಿಲ್ಲಿಸಿ ನೋಡಿದರು. ಭಾವ ಎದ್ದ. ಬೆರಳಿಗೆ ಹಿಮ್ಮಡಿ ತಾಗಿಸಿ ಒಂದು ಹೆಜ್ಜೆ ಇಟ್ಟ. ಎರಡು. ಅವಳಿಗೆ, ಅವಳ ಅಡುಗೆಗೆ, ಅವಳನ್ನು ಕೆಲಸಕ್ಕೆ ಸೇರಿಸಿದ ತನ್ನ ಬುದ್ಧಿಗೆ ಸರಿಯಾಗಿ ಬೈಯುತ್ತ ಹನ್ನೆರಡು ಹೆಜ್ಜೆ ಹೋದ. ಎಲ್ಲೂ ಗೆರೆ ತಪ್ಪಲಿಲ್ಲ.

ಇದು ಕಾಫಿಯ ತಲೆನೋವೇ. ಅಪ್ಪಟ ಕಾಫಿಯದು.

ಅವಳು ನೆಲದ ಮೇಲೇ ಕೂತಳು. ಅಳುವೂ ನಗುವೂ ಒಟ್ಟಿಗೇ ಬಂದವು.

"ಬೈಯಿರಿ ಭಾವ," ಎಂದಳು. "ಇನ್ನೂ ಬೈಯಿರಿ." ಕಣ್ಣೊರೆಸಿಕೊಂಡು ಕ್ಯಾಂಟೀನಿನವನ ಕಡೆ ತಿರುಗಿದಳು. "ಇವರಿಗೊಂದು ಸ್ಟ್ರಾಂಗ್ ಕಾಫಿ ಕೊಡಿ."